ಮದುವೆ ಮೇಕಪ್ಪಿನ ಬಣ್ಣದ ಲೆನ್ಸ್: ಪವರ್ ಇಲ್ಲ ಅಂದಮಾತ್ರಕ್ಕೆ ಪರೀಕ್ಷೆ ಬೇಡವೇ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 25 ವರ್ಷ. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಮದುವೆ. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ 7ಕ್ಕೆ ಮುಹೂರ್ತ. ಮೇಕಪ್ಪಿನವರ ಪ್ಯಾಕೇಜಿನಲ್ಲಿ ಬೂದು ಬಣ್ಣದ ಲೆನ್ಸೂ ಸೇರಿದೆ. ಅದು ಅವರದೇ ಲೆನ್ಸ್, ಬೇರೆ ಮದುಮಕ್ಕಳಿಗೂ ಹಾಕುತ್ತಾರಂತೆ, ಪ್ರತಿಸಲ ಲೆನ್ಸ್ ನೀರಿನಲ್ಲಿ ತೊಳೆಯುತ್ತಾರಂತೆ. "ಪವರ್ ಇಲ್ಲದ ಲೆನ್ಸ್, ಕಣ್ಣಿನ ಡಾಕ್ಟರ ಹತ್ತಿರ ಹೋಗೋದೇನೂ ಬೇಡ; ಆರತಕ್ಷತೆಗೆ ಹಾಕಿದ್ದನ್ನು ತೆಗೆಯದೆ ಮಲಗಿದರೆ ಬೆಳಗ್ಗೆ ಮತ್ತೆ ಹಾಕುವ ರಗಳೆ ಇರಲ್ಲ" ಅಂದರು. ಟ್ರಯಲ್ ದಿನ ಎರಡು ಗಂಟೆ ಹಾಕಿದ್ದಕ್ಕೆ ಮಗಳ ಕಣ್ಣು ಕೆಂಪಾಗಿ ಮರುದಿನ ಮಧ್ಯಾಹ್ನದವರೆಗೂ ನೀರು ಸುರಿಯಿತು. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದೆವು, ಕಡಿಮೆಯಾಯಿತು. ಅವಳಿಗೆ ಮೈನಸ್ 2.25 ಕನ್ನಡಕ ಇದೆ. ಮೊಡವೆಗೆ ಚರ್ಮದ ಡಾಕ್ಟರು ಕೊಟ್ಟ ಐಸೊಟ್ರೆಟಿನಾಯಿನ್ ಮಾತ್ರೆ ಮೂರು ತಿಂಗಳಿಂದ ನಡೆಯುತ್ತಿದೆ. ಹೋಮದ ಬಿಸಿಗೆ ಲೆನ್ಸ್ ಕರಗಿ ಕಣ್ಣಿಗೆ ಅಂಟುತ್ತದೆ ಅಂತ ನಮ್ಮ ಅತ್ತಿಗೆ ಹೆದರಿಸಿದ್ದಾರೆ. ಮಗಳಿಗೆ ಲೆನ್ಸ್ ಬೇಕೇಬೇಕು. ಏನು ಮಾಡಲಿ?

ಉತ್ತರ: ಅತ್ತಿಗೆಯವರ ಭಯ ಬಿಟ್ಟುಬಿಡಿ. ನಿಜವಾಗಿ ಹೆದರಬೇಕಾದ ಎರಡು ಸಂಗತಿಗಳು ನಿಮ್ಮ ಪತ್ರದಲ್ಲೇ ಇವೆ: ಬೇರೆಯವರು ಹಾಕಿದ ಲೆನ್ಸ್, ಮತ್ತು ಅದನ್ನು ಹಾಕಿಕೊಂಡು ಮಲಗುವ ಸಲಹೆ. ಮೇಕಪ್ಪಿನವರ ಲೆನ್ಸನ್ನು ನಿಮ್ಮ ಮಗಳು ಇನ್ನೊಮ್ಮೆ ಹಾಕಬಾರದು. ಬಣ್ಣದ ಕಣ್ಣು ಬೇಕೇಬೇಕೆಂದರೆ, ಪರೀಕ್ಷೆ ಮಾಡಿಸಿ, ಅವಳದೇ ಅಳತೆ ಮತ್ತು ಪವರ್ ಇರುವ, ಒಂದು ದಿನ ಹಾಕಿ ಎಸೆಯುವ ಹೊಸ ಲೆನ್ಸ್ ತರಿಸಿಕೊಳ್ಳಬಹುದು. ಅದಕ್ಕೂ ಮೊದಲು ಅವಳ ಕಣ್ಣು ಲೆನ್ಸಿಗೆ ತಕ್ಕ ಸ್ಥಿತಿಯಲ್ಲಿದೆಯೇ ಎಂದು ನೋಡಬೇಕು. ಮೊಡವೆ ಮಾತ್ರೆಯ ಕಾರಣದಿಂದ ನನಗೆ ಅಲ್ಲೇ ಅನುಮಾನವಿದೆ.

"ಪವರ್ ಇಲ್ಲ, ಹಾಗಾಗಿ ಪರೀಕ್ಷೆ ಬೇಡ" ಎಂಬ ಮಾತನ್ನು ಮೊದಲು ನೋಡೋಣ. ಪವರ್ ಎಂಬುದು ಲೆನ್ಸಿನ ಒಂದು ಗುಣ ಮಾತ್ರ. ಲೆನ್ಸ್ ಕೂರುವುದು ಕಪ್ಪುಗುಡ್ಡೆಯ ಮೇಲಿರುವ ಪಾರದರ್ಶಕ ಪದರದ ಮೇಲೆ. ಅದಕ್ಕೆ ಕಾರ್ನಿಯಾ ಎನ್ನುತ್ತೇವೆ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಅದರ ಬಾಗು ಒಬ್ಬೊಬ್ಬರಿಗೆ ಒಂದೊಂದು ಥರ. ಲೆನ್ಸಿನ ಒಳಬಾಗು ಸಾಮಾನ್ಯವಾಗಿ 8.3ರಿಂದ 8.9 ಮಿಲಿಮೀಟರು, ಅಗಲ 14ರ ಆಸುಪಾಸು. ಪೆಟ್ಟಿಗೆಯ ಮೇಲೆ BC, DIA ಎಂದು ಬರೆದಿರುವುದು ಇವನ್ನೇ. ಬಾಗು ಹೊಂದದಿದ್ದರೆ ಲೆನ್ಸ್ ಸಡಿಲವಾಗಿ ಜಾರಾಡುತ್ತದೆ, ಇಲ್ಲವೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಡಿಲವಾದದ್ದು ಚುಚ್ಚಿ ಕಿರಿಕಿರಿ ಮಾಡುವುದರಿಂದ ಬೇಗ ಗೊತ್ತಾಗುತ್ತದೆ. ಬಿಗಿಯಾದದ್ದು ಮೋಸಗಾರ, ಮೊದಲ ಒಂದು ಗಂಟೆ ಹಾಕಿದ್ದೇ ತಿಳಿಯದಷ್ಟು ಹಾಯಾಗಿರುತ್ತದೆ. ಸರಿಯಾಗಿ ಕೂತ ಮೆತ್ತನೆಯ ಲೆನ್ಸ್ ಪ್ರತಿ ಸಲ ರೆಪ್ಪೆ ಬಡಿದಾಗಲೂ ಚೂರು, ಅರ್ಧ ಮಿಲಿಮೀಟರಿನೊಳಗೆ, ಅಲುಗಬೇಕು. ಆ ಅಲುಗಾಟದಿಂದಲೇ ಅದರ ಅಡಿಯ ಕಣ್ಣೀರು ಹೊರಹೋಗಿ ಹೊಸ ಕಣ್ಣೀರು ಒಳಬರುವುದು. ಬಿಗಿ ಲೆನ್ಸಿನಲ್ಲಿ ಅದು ನಿಂತುಹೋಗಿ, ಉದುರಿದ ಜೀವಕೋಶ, ಕೊಳೆ, ಸೂಕ್ಷ್ಮಾಣು ಎಲ್ಲ ಅಲ್ಲೇ ಉಳಿಯುತ್ತವೆ. ಸ್ಲಿಟ್ ಲ್ಯಾಂಪ್ ಎಂಬ, ಕಣ್ಣನ್ನು ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡದೆ ಇದನ್ನು ಹೇಳಲು ಬರುವುದಿಲ್ಲ.

ಎರಡನೆಯದು ಆಮ್ಲಜನಕ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ಹಾಗಾಗಿ ಅದು ಆಮ್ಲಜನಕವನ್ನು ಮುಖ್ಯವಾಗಿ ಕಣ್ಣೀರಿನ ಮೂಲಕ ಗಾಳಿಯಿಂದ ಪಡೆಯುತ್ತದೆ. ಕಣ್ಣು ತೆರೆದಾಗ ಗಾಳಿಯಲ್ಲಿರುವ ಶೇ. 21ರಷ್ಟು ಅದಕ್ಕೆ ಲಭ್ಯ. ಕಣ್ಣು ಮುಚ್ಚಿದಾಗ ಸಿಗುವುದು ರೆಪ್ಪೆಯ ಒಳಪದರದ ರಕ್ತನಾಳಗಳಿಂದ ಬರುವಷ್ಟೇ, ಶೇ. 8ರ ಆಸುಪಾಸು. ಅದರ ಮೇಲೆ ಲೆನ್ಸೂ ಇದ್ದರೆ ಇನ್ನೂ ಕಡಿಮೆ. ಈಗ ಪವರಿಗೆಂದು ಕೊಡುವ ಒಳ್ಳೆಯ ಲೆನ್ಸ್‌ಗಳು ಸಿಲಿಕೋನ್ ಹೈಡ್ರೋಜೆಲ್‌ನವು, ಅವುಗಳಲ್ಲಿ ಆಮ್ಲಜನಕ ಚೆನ್ನಾಗಿ ಹಾಯುತ್ತದೆ. ಬಣ್ಣದ ಲೆನ್ಸ್‌ಗಳಲ್ಲಿ, ಅದರಲ್ಲೂ ಅಗ್ಗದವುಗಳಲ್ಲಿ, ಹಲವು ಇನ್ನೂ ಹಳೆಯ ಹೈಡ್ರೋಜೆಲ್‌ನಲ್ಲೇ ಇವೆ. ನಮ್ಮವರ ಕಣ್ಣು ಕಡುಕಂದು. ಅದರ ಮೇಲೆ ಬೂದು ಬಣ್ಣ ಕಾಣಬೇಕಾದರೆ ತೆಳು ಛಾಯೆ ಸಾಲದು, ಒಳಗಿನ ಬಣ್ಣವನ್ನು ಮುಚ್ಚುವಷ್ಟು ಗಟ್ಟಿ ಬಣ್ಣ ಬೇಕು. ಒಳ್ಳೆಯ ತಯಾರಕರು ಆ ಬಣ್ಣವನ್ನು ಲೆನ್ಸಿನ ಎರಡು ಪದರಗಳ ನಡುವೆ ಮುಚ್ಚಿಡುತ್ತಾರೆ. ಕಳಪೆ ಲೆನ್ಸಿನಲ್ಲಿ ಬಣ್ಣ ಮೇಲ್ಮೈಯಲ್ಲೇ ಇರುತ್ತದೆ. ಮೇಲ್ಮೈ ತರಿತರಿಯಾಗಿ ರೆಪ್ಪೆಗೋ ಕಾರ್ನಿಯಾಕ್ಕೋ ಉಜ್ಜುತ್ತದೆ, ಆ ಒರಟಿನಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಅಂಟಿಕೊಳ್ಳುತ್ತದೆ.

ನಮ್ಮ ಕಡೆಯ ಮದುವೆಗಳಲ್ಲಿ ಹಿಂದಿನ ಸಂಜೆ ಆರತಕ್ಷತೆ, ಬೆಳಗಿನ ಜಾವ ಮತ್ತೆ ಮೇಕಪ್. ಮದುಮಗಳಿಗೆ ಸಿಗುವುದೇ ಮೂರು ನಾಲ್ಕು ಗಂಟೆ ನಿದ್ದೆ. ಆ ಮೂರು ಗಂಟೆಗಾಗಿ ಲೆನ್ಸ್ ತೆಗೆಯುವುದೇಕೆ ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ಲೆನ್ಸ್ ಹಾಕಿ ಮಲಗುವುದೇ ಕಾರ್ನಿಯಾದ ಸೋಂಕಿಗೆ ಎಲ್ಲಕ್ಕಿಂತ ದೊಡ್ಡ ಕಾರಣಗಳಲ್ಲಿ ಒಂದು. ಆಮ್ಲಜನಕ ಕಡಿಮೆಯಾದ ಕಾರ್ನಿಯಾ ಊದಿಕೊಳ್ಳುತ್ತದೆ, ಅದರ ಮೇಲ್ಪದರ ಸಡಿಲಗೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗುತ್ತವೆ. ರೆಪ್ಪೆ ಬಡಿಯದೆ ಇರುವುದರಿಂದ ಕಣ್ಣೀರು ತೊಳೆಯುವ ಕೆಲಸವೂ ನಿಂತಿರುತ್ತದೆ. ಬೆಳಗ್ಗೆ ಒಣಗಿ ಹಿಡಿದುಕೊಂಡ ಲೆನ್ಸನ್ನು ಅವಸರದಲ್ಲಿ ಕಿತ್ತರೆ ಆ ಪದರವೇ ಜೊತೆಗೆ ಬರುವುದುಂಟು. ಮೇಕಪ್ ಕುರ್ಚಿಯಲ್ಲಿ ತೂಕಡಿಸಿದ 20 ನಿಮಿಷಕ್ಕೆ ಗಾಬರಿ ಬೇಡ, ರಾತ್ರಿಯ ನಿದ್ದೆಗೆ ಮಾತ್ರ ತೆಗೆಯಲೇಬೇಕು.

ಇನ್ನು ಹಂಚಿಕೊಂಡ ಲೆನ್ಸ್. ಅವರು ಲೆನ್ಸ್ ನೀರು ಎಂದದ್ದು ಸಲೈನೋ ಸೋಂಕುನಾಶಕ ಸಲ್ಯೂಷನ್ನೋ ಗೊತ್ತಿಲ್ಲ. ಸಲೈನ್ ಬರೀ ಉಪ್ಪುನೀರು, ಅದು ಯಾವ ಸೂಕ್ಷ್ಮಾಣುವನ್ನೂ ಕೊಲ್ಲುವುದಿಲ್ಲ. ಸಲ್ಯೂಷನ್ನೇ ಆದರೂ ಲೆನ್ಸಿನ ಎರಡೂ ಬದಿಯನ್ನು ಅಂಗೈಯಲ್ಲಿಟ್ಟು 10–20 ಸೆಕೆಂಡು ಉಜ್ಜಿ, ತೊಳೆದು, ಹೊಸ ದ್ರವದಲ್ಲಿ ಬಾಟಲಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 4–6 ಗಂಟೆ, ನೆನೆಸಬೇಕು. ಡಬ್ಬಿಯಲ್ಲಿ ಉಳಿದ ಹಳೆಯ ದ್ರವದ ಮೇಲೆಯೇ ಹೊಸದನ್ನು ಸುರಿದರೆ ಅದರ ಶಕ್ತಿ ಕುಗ್ಗುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಈ ದ್ರವಗಳನ್ನು ತಯಾರಿಸಿರುವುದು ಒಬ್ಬರ ಲೆನ್ಸನ್ನು ಅದೇ ಒಬ್ಬರು ಮತ್ತೆ ಹಾಕಿಕೊಳ್ಳಲಿ ಎಂದು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಲೆನ್ಸನ್ನು ಅವು ಸುರಕ್ಷಿತವಾಗಿಸುತ್ತವೆ ಎಂಬ ಭರವಸೆ ಇಲ್ಲ. ಮದ್ರಾಸ್ ಐ ತರುವ ಅಡಿನೋವೈರಸ್ಸಂತೂ ಬಹಳ ಗಟ್ಟಿ. ಹಾಗಾಗಿ "ನಮ್ಮದು ಬ್ರ್ಯಾಂಡೆಡ್ ಲೆನ್ಸ್" ಎಂಬ ಉತ್ತರ ಇಲ್ಲಿ ಕೆಲಸಕ್ಕೆ ಬಾರದು. ಎಷ್ಟೇ ಬೆಲೆಯದಾದರೂ ಇನ್ನೊಬ್ಬರ ಕಣ್ಣಿನಲ್ಲಿದ್ದದ್ದು ನಿಮ್ಮ ಮಗಳ ಕಣ್ಣಿಗೆ ಬೇಡ.

ಏನಾಗಬಹುದು ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ. ಲೆನ್ಸಿನಿಂದ ಬರುವ ಸೋಂಕುಗಳಲ್ಲಿ ನಾವು ಹೆಚ್ಚು ಹೆದರುವುದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ. ಒದ್ದೆ ಇರುವಲ್ಲೆಲ್ಲ ಅದು ಬೆಳೆಯುತ್ತದೆ: ನಲ್ಲಿ, ಸಿಂಕು, ಲೆನ್ಸಿನ ಡಬ್ಬಿ. ಗಾಯವಿಲ್ಲದ ಕಾರ್ನಿಯಾವನ್ನು ಅದು ಅಷ್ಟು ಸುಲಭವಾಗಿ ಹಿಡಿಯದು, ಗೀರಿದ್ದರೆ ಹೊಕ್ಕುತ್ತದೆ. ಒಳಹೊಕ್ಕ ಮೇಲೆ ಅದು ಸ್ರವಿಸುವ ಕಿಣ್ವಗಳು ಕಾರ್ನಿಯಾದ ನಾರನ್ನೇ ಕರಗಿಸುತ್ತವೆ. 24ರಿಂದ 48 ಗಂಟೆಗಳಲ್ಲಿ ಸಣ್ಣ ಬಿಳಿ ಚುಕ್ಕೆ ದೊಡ್ಡ ಹುಣ್ಣಾಗಬಹುದು, ತೂತೂ ಬೀಳಬಹುದು. ಚಿಕಿತ್ಸೆಯೆಂದರೆ ಹಗಲೂ ರಾತ್ರಿಯೂ ಗಂಟೆಗೊಮ್ಮೆ ಔಷಧಿಯ ಹನಿ. ವಾಸಿಯಾದರೂ ಹುಣ್ಣಿದ್ದ ಜಾಗದಲ್ಲಿ ಬಿಳಿ ಕಲೆ, ನಮ್ಮ ಜನ ಕಣ್ಣಿಗೆ ಹೂ ಬಿದ್ದಿದೆ ಎನ್ನುತ್ತಾರಲ್ಲ ಅದು, ಉಳಿಯುತ್ತದೆ. ಕಲೆ ಪಾಪೆಯ ಎದುರಿಗೇ ಬಂದರೆ ದೃಷ್ಟಿ ಹೋಯಿತು, ಮತ್ತೆ ಬರಲು ಕಾರ್ನಿಯಾ ಕಸಿಯೇ ದಾರಿ. ಇನ್ನೊಂದು ಅಕಾಂತಮೀಬಾ, ನೀರಿನಲ್ಲಿರುವ ಏಕಕೋಶಿ ಜೀವಿ. ಲೆನ್ಸನ್ನೋ ಡಬ್ಬಿಯನ್ನೋ ನಲ್ಲಿ ನೀರಿನಲ್ಲಿ ತೊಳೆಯುವುದರಿಂದ, ಲೆನ್ಸ್ ಹಾಕಿಕೊಂಡೇ ಸ್ನಾನ ಅಥವಾ ಈಜು ಮಾಡುವುದರಿಂದ ಬರುತ್ತದೆ. ಓವರ್‌ಹೆಡ್ ಟ್ಯಾಂಕಿನ ನೀರು ಇದಕ್ಕೆ ಒಳ್ಳೆಯ ನೆಲೆ, ಕಲ್ಯಾಣ ಮಂಟಪಗಳಲ್ಲಿ ಇರುವುದೂ ಅದೇ ನೀರು. ಅದು ಕಾರ್ನಿಯಾದಲ್ಲಿ ಗಟ್ಟಿ ಕವಚ ಕಟ್ಟಿಕೊಂಡು ಕೂರುವುದರಿಂದ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಇವು ದಿನವೂ ಆಗುವಂಥವಲ್ಲ, ಒಮ್ಮೆ ಲೆನ್ಸ್ ಹಾಕಿದ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಆದರೆ ಆದವರಿಗೆ ಆಗುವುದು ಇಷ್ಟು ದೊಡ್ಡದು, ತಪ್ಪಿಸುವ ದಾರಿ ಅಷ್ಟು ಸಣ್ಣದು.

ಈಗ ಟ್ರಯಲ್ ದಿನದ ಕೆಂಪು. ಎರಡು ಗಂಟೆಗೇ ಕೆಂಪಾಗಿ, ಲೆನ್ಸ್ ತೆಗೆದ ಮೇಲೂ ಮರುದಿನ ಮಧ್ಯಾಹ್ನದವರೆಗೆ ನೀರು ಸುರಿಯಿತೆಂದರೆ ಅದನ್ನು "ಅಭ್ಯಾಸವಿಲ್ಲದ್ದಕ್ಕೆ" ಎಂದು ತಳ್ಳಿಹಾಕಲಾರೆ. ಅಭ್ಯಾಸವಿಲ್ಲದ ಕಿರಿಕಿರಿ ಲೆನ್ಸ್ ತೆಗೆದ ಮೇಲೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಹಾಕುವಾಗಲೋ ತೆಗೆಯುವಾಗಲೋ ಉಗುರು ಗೀರಿರಬಹುದು, ಲೆನ್ಸ್ ಬಿಗಿಯಾಗಿರಬಹುದು, ಅದರಲ್ಲಿ ಮೇಕಪ್ಪಿನ ಎಣ್ಣೆಯಂಶವೋ ಸಲ್ಯೂಷನ್ನಿನ ಅಲರ್ಜಿಯೋ ಇರಬಹುದು. ಎಲ್ಲಕ್ಕಿಂತ ಮೊದಲು ನಾನು ಹುಡುಕುವುದು ಒಣಕಣ್ಣು. ಐಸೊಟ್ರೆಟಿನಾಯಿನ್ ತುಟಿಯನ್ನು ಒಣಗಿಸುವುದು ನಿಮಗೂ ಕಂಡಿರುತ್ತದೆ. ರೆಪ್ಪೆಯಂಚಿನಲ್ಲಿ ಕಣ್ಣೀರು ಬೇಗ ಆರದಂತೆ ಎಣ್ಣೆ ಸುರಿಸುವ ಗ್ರಂಥಿಗಳ ಮೇಲೂ ಅದು ಹಾಗೇ ಕೆಲಸ ಮಾಡುತ್ತದೆ. ಈ ಮಾತ್ರೆಯಲ್ಲಿರುವಾಗ, ವರ್ಷಗಟ್ಟಲೆ ಲೆನ್ಸ್ ಹಾಕಿ ರೂಢಿಯಿರುವವರಿಗೂ ಲೆನ್ಸ್ ಸಹಿಸದಂತಾಗುವುದುಂಟು. ಕಣ್ಣು ಒಣಗಿದೆ ಎಂದರೆ ನೀರು ಸುರಿಯಿತಲ್ಲ ಎಂದು ನೀವು ಕೇಳಬಹುದು. ಒಣಗಿ ಉರಿಯುವ ಕಣ್ಣು ಆ ಉರಿಗೇ ನೀರು ಸುರಿಸುತ್ತದೆ, ಆ ನೀರು ಕಣ್ಣಿನ ಮೇಲೆ ನಿಲ್ಲುವುದಿಲ್ಲ.

ಪ್ರಶ್ನೆಗೆ ಹೊರತಾದರೂ ಹೇಳದೆ ಬಿಡಲಾರೆ. ಐಸೊಟ್ರೆಟಿನಾಯಿನ್ ನಡೆಯುವಾಗ, ಮತ್ತು ನಿಲ್ಲಿಸಿದ ಮೇಲೆ ಕನಿಷ್ಠ ಒಂದು ತಿಂಗಳು, ಗರ್ಭ ನಿಲ್ಲಬಾರದು. ಮಗುವಿಗೆ ಗಂಭೀರ ಅಂಗವೈಕಲ್ಯ ಉಂಟಾಗುವ ಅಪಾಯವಿದೆ. ಮದುವೆಯ ತಾರೀಕನ್ನು ಚರ್ಮದ ಡಾಕ್ಟರಿಗೆ ಈಗಲೇ ತಿಳಿಸಲಿ. ಮಾತ್ರೆ ನಿಲ್ಲಿಸಬೇಕೋ ಬೇಡವೋ ಅವರೇ ಹೇಳುತ್ತಾರೆ.

ಮೆಡಿಕಲ್ ಶಾಪಿನಿಂದ ತಂದ ಡ್ರಾಪ್ಸ್ ಬಾಟಲಿಯನ್ನು ಒಮ್ಮೆ ತೆಗೆದು ಓದಿ. ಅದರಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್ ಸೇರಿದ ಔಷಧಿ. ನಮ್ಮಲ್ಲಿ ಇದು ಚೀಟಿಯಿಲ್ಲದೆ ಸಿಕ್ಕಿಬಿಡುತ್ತದೆ, ಹಾಕಿದ ಕೂಡಲೇ ಕೆಂಪೂ ಇಳಿಯುತ್ತದೆ. ಒಳಗೆ ಬ್ಯಾಕ್ಟೀರಿಯಾ, ಶಿಲೀಂಧ್ರ, ಅಕಾಂತಮೀಬಾ ಯಾವುದಾದರೂ ಇದ್ದರೆ ಮಾತ್ರ ಕಣ್ಣಿನ ಪ್ರತಿರೋಧ ಕುಗ್ಗಿ ರೋಗ ಸದ್ದಿಲ್ಲದೆ ಆಳಕ್ಕೆ ಇಳಿಯುತ್ತದೆ. ಲೆನ್ಸ್ ಹಾಕಿದವರ ಕೆಂಪು ಕಣ್ಣಿಗೆ ಮನೆಯಲ್ಲಿ ಮಾಡಬಾರದ ಕೆಲಸಗಳಲ್ಲಿ ಇದೇ ಮೊದಲನೆಯದು. ಹರಳೆಣ್ಣೆ, ಗುಲಾಬಿ ಜಲ, ಎದೆಹಾಲು ಇವೂ ಬೇಡ. ಇವು ಯಾವುದೂ ಸೂಕ್ಷ್ಮಾಣುರಹಿತವಲ್ಲ.

ಅತ್ತಿಗೆಯವರ ಭಯಕ್ಕೆ ಚಿಕ್ಕ ಉತ್ತರ: ಮುಖ ಸುಟ್ಟುಹೋಗದಷ್ಟು ದೂರದಲ್ಲಿ ಕೂತವರ ಕಣ್ಣಿನಲ್ಲಿ ಲೆನ್ಸ್ ಕರಗುವುದಿಲ್ಲ. ಕಣ್ಣಿನ ಹಿಂದಕ್ಕೂ ಹೋಗುವುದಿಲ್ಲ, ರೆಪ್ಪೆಯ ಒಳಪದರವೇ ಮಡಚಿ ಬಿಳಿಗುಡ್ಡೆಯನ್ನು ಸುತ್ತುವರಿದಿರುವುದರಿಂದ ಹಿಂದಕ್ಕೆ ದಾರಿಯೇ ಇಲ್ಲ. ಹೋಮದ ಬಿಸಿ ಮತ್ತು ಹೊಗೆಗೆ ಲೆನ್ಸ್ ಒಣಗಿ ಉರಿಯುವುದು ಮಾತ್ರ ನಿಜ. ಅಕ್ಷತೆಯ ಅರಿಶಿನದ ಪುಡಿ, ಹೊಗೆಯ ಕಣ ಲೆನ್ಸಿನ ಅಡಿ ಸಿಕ್ಕಿಕೊಂಡರೆ ಕಣ್ಣು ಉಜ್ಜದೆ ಇರಲಾಗದು, ಉಜ್ಜಿದರೆ ಗೀರು. ನನ್ನ ಸಲಹೆ ಕೇಳಿದರೆ, ಲೆನ್ಸ್ ಹಾಕುವುದೇ ಆದರೆ ಆರತಕ್ಷತೆಗೆ ಮಾತ್ರ ಇರಲಿ. ಮುಹೂರ್ತಕ್ಕೆ ಬೇಡ. ಹೋಮ, ಧಾರೆ, ಹೆಣ್ಣೊಪ್ಪಿಸುವಾಗಿನ ಅಳು ಎಲ್ಲವೂ ಇರುವ ಬೆಳಗಿಗೆ ಅವಳ ಕಣ್ಣು ಬರಿದಾಗಿರಲಿ.

ಇನ್ನು ದಾರಿಗಳು. ಈ ವಾರವೇ ಕಣ್ಣಿನ ಡಾಕ್ಟರು ಅಥವಾ ಕಾಂಟ್ಯಾಕ್ಟ್ ಲೆನ್ಸ್ ಅಳವಡಿಸುವ ಆಪ್ಟೋಮೆಟ್ರಿಸ್ಟ್ ಬಳಿ ಕರೆದುಕೊಂಡು ಹೋಗಿ. ಮಾತ್ರೆಯ ಹೆಸರು, ಆ ಡ್ರಾಪ್ಸ್ ಬಾಟಲಿ, ಕನ್ನಡಕದ ಚೀಟಿ ಜೊತೆಗಿರಲಿ. ಅವರು ಹಳದಿ ಬಣ್ಣದ ಫ್ಲೋರೆಸೀನ್ ಹಾಕಿ ಗೀರು ಉಳಿದಿದೆಯೇ ನೋಡುತ್ತಾರೆ, ಕಣ್ಣೀರಿನ ಪದರ ಒಡೆಯಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಎಣಿಸುತ್ತಾರೆ. ಅದು 10 ಸೆಕೆಂಡಿಗಿಂತ ತೀರಾ ಕಡಿಮೆಯಿದ್ದರೆ, ಅಥವಾ ರೆಪ್ಪೆಯಂಚಿನಲ್ಲಿ ಊತ, ಅಲರ್ಜಿ ಇದ್ದರೆ ಲೆನ್ಸಿನ ಆಸೆ ಬಿಡುವುದೇ ಸರಿ. ಆಗ ಉಳಿಯುವ ದಾರಿ ಫೋಟೊದಲ್ಲಿ ಕಣ್ಣಿನ ಬಣ್ಣ ಬದಲಿಸುವುದು. ಫೋಟೊಗ್ರಾಫರಿಗೆ ಅದು ದೊಡ್ಡ ಕೆಲಸವಲ್ಲ.

ಕಣ್ಣು ಸರಿಯಿದ್ದರೆ, ಒಂದು ದಿನದ ಬಣ್ಣದ ಲೆನ್ಸನ್ನು ಮೈನಸ್ 2.25 ಪವರಿನಲ್ಲೇ ಕೇಳಿ. ಪವರ್ ಇಲ್ಲದ ಲೆನ್ಸ್ ಹಾಕಿ ಕನ್ನಡಕ ತೆಗೆದರೆ ವೇದಿಕೆಯ ಮೆಟ್ಟಿಲು, ಎದುರು ಸಾಲಿನಲ್ಲಿ ಕೂತವರ ಮುಖ ಎಲ್ಲ ಅವಳಿಗೆ ಮಸುಕು. ಚೀಟಿಯಲ್ಲಿ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ಕಡೆ ಸಮನಾಗಿಲ್ಲದ್ದಕ್ಕೆ ಕೊಡುವ ಪವರ್) 0.50ರಷ್ಟಿದ್ದರೆ ಬಿಟ್ಟು ನಡೆಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಬಣ್ಣದಲ್ಲಿ ಸಿಗುವುದು ಕಷ್ಟ, ತರಿಸಲೂ ದಿನ ಬೇಕು. ಕನಿಷ್ಠ ಮೂರು ನಾಲ್ಕು ಜೊತೆ ತರಿಸಿ, ಅಭ್ಯಾಸಕ್ಕೂ ಬೇಕಾಗುತ್ತವೆ. ಮೊದಲ ದಿನ ಎರಡು ಗಂಟೆ, ಇನ್ನೊಂದು ದಿನ ಹೊಸ ಜೊತೆಯಲ್ಲಿ ನಾಲ್ಕು ಗಂಟೆ ಹಾಕಿ, ಎರಡನೇ ಸಲ ಹಾಕಿಕೊಂಡೇ ಹೋಗಿ ತೋರಿಸಲಿ. ನಡುವಿನ ಪಾರದರ್ಶಕ ಕಿಂಡಿಗಿಂತ ಪಾಪೆ ದೊಡ್ಡದಾದಾಗ, ಅಂದರೆ ಮಬ್ಬು ಬೆಳಕಿನಲ್ಲಿ, ಅಂಚಿನ ಬಣ್ಣ ದೃಷ್ಟಿಗೆ ಅಡ್ಡ ಬಂದು ದೀಪಗಳ ಸುತ್ತ ಮಸುಕು ಕಾಣಬಹುದು. ಅದು ಲೆನ್ಸಿನ ಗುಣ. ಹಾಕಿಕೊಂಡು ರಾತ್ರಿ ಗಾಡಿ ಓಡಿಸಬಾರದು, ಅಷ್ಟೆ.

ಕೊಳ್ಳುವಾಗ ಪೆಟ್ಟಿಗೆಯಲ್ಲಿ ಬಾಗು, ಅಗಲ, ಪವರ್, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಕು, ಹೊರದೇಶದ್ದಾದರೆ ಆಮದುದಾರರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇರಬೇಕು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧಿ ಕಾನೂನಿನಡಿ ಬಂದಿವೆ. ಅಮೆರಿಕ 2005ರಲ್ಲೇ ಪವರ್ ಇಲ್ಲದ ಅಲಂಕಾರದ ಲೆನ್ಸನ್ನೂ ವೈದ್ಯಕೀಯ ಸಾಧನವೆಂದು ಕಾನೂನಿನಲ್ಲಿ ಸೇರಿಸಿತು. "ಎಲ್ಲರಿಗೂ ಒಂದೇ ಸೈಜ್" ಎಂದು ಬರೆದದ್ದನ್ನು, ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ವಿಳಾಸವಿಲ್ಲದ ಸೀಸೆಯನ್ನು ಮುಟ್ಟಬೇಡಿ.

ಹಾಕುವ ದಿನದ ಬಗ್ಗೆ ಒಂದಿಷ್ಟು ವಿವರ, ಏಕೆಂದರೆ ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಲೆನ್ಸನ್ನು ಮಗಳೇ ಹಾಕಿ ಮಗಳೇ ತೆಗೆಯಲು ಕಲಿತಿರಬೇಕು. ಮೇಕಪ್ಪಿನವರು ಹೋದ ಮೇಲೆ ರಾತ್ರಿ 12ಕ್ಕೆ ತೆಗೆಯುವವರು ಯಾರೆಂದು ಹುಡುಕುವಂತಾಗಬಾರದು. ಉದ್ದದ ಉಗುರು ಅಂಟಿಸಿಕೊಂಡರೆ ತೆಗೆಯುವಾಗ ಕಾರ್ನಿಯಾ ಗೀರುವ ಅಪಾಯ ಹೆಚ್ಚು. ಲೆನ್ಸೋ ಆ ಉಗುರೋ, ಒಂದನ್ನು ಆರಿಸಿಕೊಳ್ಳಲಿ. ಮೆಹಂದಿ ಕಡುವಾಗಲೆಂದು ಹಚ್ಚುವ ನೀಲಗಿರಿ ಎಣ್ಣೆ, ಕೊಬ್ಬರಿ ಎಣ್ಣೆ ಬೆರಳಿನಿಂದ ಲೆನ್ಸಿಗೆ ಹೋಗುತ್ತದೆ. ಆ ಕೈಯನ್ನು ಸೋಪಿನಿಂದ ಎರಡು ಸಲ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಬೇಕು. ಮೊದಲು ಲೆನ್ಸ್, ಆಮೇಲೆ ಮೇಕಪ್. ತೆಗೆಯುವಾಗಲೂ ಮೊದಲು ಲೆನ್ಸ್, ಆಮೇಲೆ ಎಣ್ಣೆಯಿಂದ ಮೇಕಪ್ ಒರೆಸುವುದು. ಕಾಡಿಗೆಯನ್ನು ರೆಪ್ಪೆಯ ಒಳ ಅಂಚಿಗೆ ಎಳೆಯದೆ ಕೂದಲಿನ ಹೊರಗೆ ಎಳೆಯಲಿ. ಉದುರುವ ಮಿನುಗು ಪುಡಿ ಬೇಡ. ಹೇರ್ ಸ್ಪ್ರೇ ಹೊಡೆಯುವಾಗ ಕಣ್ಣು ಮುಚ್ಚಿ, ಮಂಜು ಇಳಿಯುವವರೆಗೆ ತೆರೆಯಬಾರದು. ಲೆನ್ಸ್ ಮೇಲೆ ಹಾಕಬಹುದಾದ, ಪ್ರಿಸರ್ವೇಟಿವ್ ಇಲ್ಲದ ತೇವದ ಹನಿಯನ್ನು ಡಾಕ್ಟರಿಂದ ಬರೆಸಿಕೊಂಡು ಪರ್ಸಿನಲ್ಲಿಡಿ. ಕನ್ನಡಕವೂ ಅಲ್ಲೇ ಇರಲಿ, ನಡುವೆ ಉರಿಯತೊಡಗಿದರೆ ಲೆನ್ಸ್ ತೆಗೆದು ಎಸೆಯಲು ಯಾವ ಮುಲಾಜೂ ಬೇಡ. ಲೆನ್ಸ್ ಒಣಗಿ ಹಿಡಿದುಕೊಂಡಿದ್ದರೆ ಎಳೆಯಬಾರದು. ನಾಲ್ಕಾರು ಹನಿ ಹಾಕಿ, ಹತ್ತು ನಿಮಿಷ ರೆಪ್ಪೆ ಬಡಿಯುತ್ತಿದ್ದು, ಅದು ಅಲುಗತೊಡಗಿದ ಮೇಲೆ ಬಿಳಿಗುಡ್ಡೆಯ ಕಡೆ ಸರಿಸಿ ತೆಗೆಯಬೇಕು. ತೆಗೆದ ಜೊತೆಯನ್ನು ತಂಗಿಗೋ ಗೆಳತಿಗೋ ಕೊಡುವುದಲ್ಲ, ಅಲ್ಲೇ ಕಸಕ್ಕೆ.

ಮೇಕಪ್ಪಿನವರೊಂದಿಗೆ ಜಗಳವೇನೂ ಬೇಕಿಲ್ಲ. ಪ್ಯಾಕೇಜಿನಿಂದ ಲೆನ್ಸ್ ಬಿಟ್ಟುಬಿಡಿ, ನಾವೇ ತರುತ್ತೇವೆ ಎಂದು ಈಗಲೇ ಹೇಳಿ, ಆರತಕ್ಷತೆಯ ಮೇಕಪ್ಪಿಗೆ ಅರ್ಧ ಗಂಟೆ ಮುಂಚೆ ಲೆನ್ಸ್ ಹಾಕಿಕೊಳ್ಳಲು ಸಮಯ ಕೇಳಿಕೊಳ್ಳಿ.

ಲೆನ್ಸ್ ಹಾಕಿದ ದಿನ ಅಥವಾ ನಂತರದ ದಿನಗಳಲ್ಲಿ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಸುಕು, ಹಳದಿ ಅಥವಾ ಹಸಿರು ಗೀಜು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಒಂದೇ ಕಂಡರೂ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಬೀಗರೂಟ ಇದೆ, ನಾಳೆ ನೋಡೋಣ ಎನ್ನಬೇಡಿ. ರಾತ್ರಿಯಾಗಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಬೆಂಗಳೂರಿನಲ್ಲಿದ್ದರೆ ಮಿಂಟೊ ಕಣ್ಣಾಸ್ಪತ್ರೆಗೆ ಹೋಗಬಹುದು. ಕಣ್ಣಿಗೆ ಪಟ್ಟಿ ಕಟ್ಟಬೇಡಿ, ಮುಚ್ಚಿದ ಬೆಚ್ಚನೆಯ ಕಣ್ಣಿನಲ್ಲಿ ಸ್ಯೂಡೊಮೊನಾಸ್ ಇನ್ನೂ ಬೇಗ ಬೆಳೆಯುತ್ತದೆ. ತೆಗೆದ ಲೆನ್ಸನ್ನು ಈ ಒಂದು ಸಂದರ್ಭದಲ್ಲಿ ಮಾತ್ರ ಎಸೆಯಬೇಡಿ, ಶುಭ್ರವಾದ ಡಬ್ಬಿಯಲ್ಲಿಟ್ಟು ತನ್ನಿ. ಲ್ಯಾಬಿನಲ್ಲಿ ಅದರ ಮೇಲೆ ಏನು ಬೆಳೆಯುತ್ತದೆ ಎಂಬುದು, ಯಾವ ಔಷಧಿ ಎಂದು ತೀರ್ಮಾನಿಸಲು ನೆರವಾಗುತ್ತದೆ.